ಮೀಸೆ ಮಾಮನ ತಪ್ಪು ಲೆಕ್ಕ

ಮಕ್ಕಳ ಹಲ್ಲಿನ ಡಾಕ್ಟರರ ನಿಜವಾದ ಹೆಸರು ಬೋರ್ಡಿನ ಮೇಲಷ್ಟೇ ಇತ್ತು. ಬೀದಿಯಲ್ಲೆಲ್ಲ ಓಡಾಡುತ್ತಿದ್ದದ್ದು ಮಕ್ಕಳಿಟ್ಟ ಹೆಸರು, ಮೀಸೆ ಮಾಮ. ಎರಡೂ ಕೆನ್ನೆಗೆ ಹಬ್ಬಿ ತುದಿಯಲ್ಲಿ ಸುರುಳಿ ಸುತ್ತಿದ ಮೀಸೆ ಅದು. ಹೆದರಿದ ಮಗು ಅದರ ಒಂದು ತುದಿ ಹಿಡಿದುಕೊಂಡರೆ ಸಾಕು, ಬಾಯಿ ತಾನಾಗಿ ತೆರೆಯುತ್ತಿತ್ತು. ಹಲ್ಲು ಎಣಿಸುವಾಗ ಬೇಕೆಂದೇ ಲೆಕ್ಕ ತಪ್ಪಿ ಮಕ್ಕಳ ಕೈಲಿ ಬೈಸಿಕೊಳ್ಳುವ ಚಾಳಿಯೂ ಡಾಕ್ಟರರಿಗಿತ್ತು. ಆದರೆ ಹೊಗಳಿಕೆಯೆಲ್ಲ ಮೀಸೆಯ ಪಾಲಾಗುತ್ತಿತ್ತು. ಆ ಮೀಸೆಗೆ ಎಣ್ಣೆ ಹಚ್ಚುವಷ್ಟು ಹೊತ್ತು ತನ್ನ ಜೊತೆ ಮಾತಾಡಿದ್ದರೆ ಸಂಸಾರ ಎಲ್ಲಿಗೋ ಹೋಗಿರುತ್ತಿತ್ತು ಎಂದು, ಅಲ್ಲೇ ನರ್ಸಾಗಿದ್ದ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅಷ್ಟರಲ್ಲಿ ಸಾಂಕ್ರಾಮಿಕ ರೋಗ ಬಂದು ಕ್ಲಿನಿಕ್ಕು ಮುಚ್ಚಿತು. ಮತ್ತೆ ತೆರೆಯುವ ಹೊತ್ತಿಗೆ ಆಟಿಕೆಗಳು ಕಪಾಟು ಸೇರಿದ್ದವು, ಕಿಟಕಿಗಳು ತೆರೆದಿದ್ದವು, ಒಂದು ಹೊತ್ತಿಗೆ ಒಂದೇ ಮಗು ಎಂದಾಗಿತ್ತು. ಕೊರೆಯುವ ಯಂತ್ರ ಕೋಣೆ ತುಂಬ ಎಂಜಲು ಸಿಡಿಸುತ್ತದೆಂದು, ಆದಷ್ಟೂ ಪುಟ್ಟ ಚಮಚದಂಥ ಸಲಕರಣೆಯಿಂದ ಹುಳುಕನ್ನು ಕೈಯಲ್ಲೇ ಕೆರೆಯುವುದೆಂದು ತೀರ್ಮಾನವಾಯಿತು. ಉಳಿದದ್ದು ಮಾಸ್ಕಿನ ಪರೀಕ್ಷೆ. ಹೆಂಡತಿ ಗಂಡನಿಗೆ ಬಿಗಿಯಾದ ಮಾಸ್ಕು ತೊಡಿಸಿ, ತಲೆಗೆ ಮುಸುಕು ಹೊದಿಸಿ, ಒಳಗೆ ಸಿಹಿ ಬೆರೆಸಿದ ನೀರು ಸಿಂಪಡಿಸಿದಳು. ಮಾಸ್ಕು ಸರಿಯಾಗಿ ಕೂತಿದ್ದರೆ ನಾಲಿಗೆಗೆ ರುಚಿ ಹತ್ತಬಾರದು.

"ಸಿಹಿ ಗೊತ್ತಾಯ್ತಾ?"

ಡಾಕ್ಟರರು ಸೂರು ನೋಡಿದರು. "ಅಷ್ಟೇನಿಲ್ಲ."

"ಅಷ್ಟೇನಿಲ್ಲ ಅಂದ್ರೆ ಬಂತು ಅಂತ. ಮೀಸೆ ಸಂದೀಲಿ ಸಿಹಿ ಬಂದ್ರೆ ರೋಗಾನೂ ಬರುತ್ತೆ ಕಣ್ರೀ. ದಿನಾ ಮಕ್ಕಳ ಮುಖದ ಮೇಲೆ ಬಗ್ಗೋರು ನೀವು."

ಕೊನೆಯ ಮಾತು ಕೇಳಿದ್ದೇ ಡಾಕ್ಟರರು ರೇಜರು ಹಿಡಿದು ಬಚ್ಚಲಿಗೆ ಹೋದರು. ಮೀಸೆ ಬೋಳಿಸಿ ಹೊರಬಂದಾಗ ಹೆಂಡತಿ ನಕ್ಕೂ ನಕ್ಕೂ ಬಾಗಿಲು ಹಿಡಿದುಕೊಂಡಳು. ಮದುವೆಯಾದಾಗಿನಿಂದ ಆ ತುಟಿಯ ಪರಿಚಯವೇ ಆಗಿರಲಿಲ್ಲವಂತೆ.

ಮರುದಿನ ಮೊದಲು ಬಂದವಳು ಹುಳುಕು ಹಲ್ಲಿನ ನೋವಿಗೆ ಊಟ ಬಿಟ್ಟಿದ್ದ ಪುಟ್ಟ ಹುಡುಗಿ. ಇನ್ನೂ ತಡವಾದರೆ ಹಲ್ಲನ್ನು ಕೀಳಲೇಬೇಕಿತ್ತು. ಅವಳು ಗೌನು, ಟೋಪಿ, ಮಾಸ್ಕುಗಳ ಆ ಆಕೃತಿಯನ್ನು ಮೇಲಿಂದ ಕೆಳಗೆ ನೋಡಿದಳು. "ಇವ್ರು ಮೀಸೆ ಮಾಮ ಅಲ್ಲ," ಎಂದವಳೇ ಬಾಯಿ ಮುಚ್ಚಿದಳು. ತಾಯಿ ಮುದ್ದಿಸಿದಳು, ಗದರಿದಳು; ಹುಡುಗಿ ಜಪ್ಪಯ್ಯ ಅನ್ನಲಿಲ್ಲ. ಡಾಕ್ಟರರು ಮಾಸ್ಕು ತೆಗೆಯುವಂತಿಲ್ಲ. ತೆಗೆದರೂ ತೋರಿಸಲು ಅಲ್ಲೇನಿದೆ?

ಅವರು ಸ್ಟೂಲಿನಲ್ಲಿ ಕೂತು, ಅವಳ ಮುಚ್ಚಿದ ತುಟಿಗಳತ್ತ ಬೆರಳು ನೀಡಿ ಗಾಳಿಯಲ್ಲೇ ಎಣಿಸತೊಡಗಿದರು. "ಒಂದು, ಎರಡು, ಮೂರು, ಐದು, ಆರು..."

ಹುಡುಗಿಯ ತುಟಿ ಅದುರಿತು. ಸಹಿಸಿದಳು, ಸಹಿಸಿದಳು, ಆಗಲಿಲ್ಲ.

"ನಾಲ್ಕೆಲ್ಲಿ?" ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಇವ್ರೇ ಅಮ್ಮ. ಇಷ್ಟು ದೊಡ್ಡೋರಾದ್ರೂ ನಾಲ್ಕು ಬರಲ್ಲ ಇವ್ರಿಗೆ," ಎಂದು ಬಾಯಿ ಅಗಲಿಸಿದಳು.

ಹುಳುಕು ಕೆರೆದು, ಹಲ್ಲು ತುಂಬಿ ಮುಗಿಸಿದ ಮೇಲೆ ಡಾಕ್ಟರರು ಪಕ್ಕದ ಕೋಣೆಗೆ ಹೋಗಿ, ಮುಚ್ಚಿದ ಗಾಜಿನ ಕಿಟಕಿಯ ಹಿಂದೆ ನಿಂತು ಮಾಸ್ಕು ತೆಗೆದು ತೋರಿಸಿದರು. ಹೊರಗೆ ಅಂಗಳಕ್ಕೆ ಬಂದಿದ್ದ ಹುಡುಗಿ ಆ ಬೋಳು ತುಟಿಯನ್ನು ಬಹಳ ಹೊತ್ತು ನೋಡಿದಳು. ಹಲ್ಲು ಬಿದ್ದು ಅಳುವ ಮಕ್ಕಳಿಗೆ ಅವರೇ ಹೇಳುತ್ತಿದ್ದ ಮಾತನ್ನು ಗಾಜಿನಾಚೆಯಿಂದ ಕೂಗಿ ಹೇಳಿದಳು:

"ಬಿದ್ದೋಯ್ತಾ ಮಾಮ? ಅಳಬೇಡಿ, ಹೊಸದು ಬರುತ್ತೆ."