ತೋಳದ ಮೂತಿಯ ಕೆಳಗಿನ ಮುಖ

ನಮ್ಮ ಬೀದಿಯ ಫೋಟೋ ಸ್ಟುಡಿಯೋದ ಹೆಣ್ಣುಮಗಳ ಬಗ್ಗೆ ಜನ ಆಡಿಕೊಳ್ಳುತ್ತಿರುವುದರಲ್ಲಿ ಅರ್ಧಕ್ಕರ್ಧ ಸುಳ್ಳು. ಅವಳು ಅಣ್ಣನನ್ನು ನಾಯಿ ಮಾಡಲಿಲ್ಲ, ಚಿತ್ರದಲ್ಲಿರುವುದು ತೋಳ. ಅವನನ್ನು ಅವಮಾನಿಸಲೂ ಇಲ್ಲ. ಅವನು ಒಪ್ಪಿಯೇ ಕುಳಿತಿದ್ದ. ಎದುರುಮನೆಯವನಾದ ನಾನು ಕಣ್ಣಾರೆ ಕಂಡದ್ದನ್ನೂ ಅವರ ಬಾಯಿಂದಲೇ ಕೇಳಿದ್ದನ್ನೂ ಮಾತ್ರ ಬರೆಯುತ್ತಿದ್ದೇನೆ.

ಬೀದಿಗೆಲ್ಲ ಅವಳು 'ತಿದ್ದೋ ಅಕ್ಕ'. ಮೊಡವೆ ಅಳಿಸುವುದು, ಬೋಳುತಲೆಗೆ ಕೂದಲು ಕೂರಿಸುವುದು ಹೊಟ್ಟೆಪಾಡು. ಮನುಷ್ಯರ ಮುಖಕ್ಕೆ ಪ್ರಾಣಿಗಳ ಅಂಗ ಬೆಸೆಯುವುದು ಅವಳ ಕಲೆ. ಗೂಬೆಯ ಕಣ್ಣು, ಜಿಂಕೆಯ ಕಿವಿ. ಬೆಸುಗೆ ಎಲ್ಲಿದೆಯೆಂದು ಭೂತಗನ್ನಡಿ ಹಿಡಿದರೂ ತಿಳಿಯದು. ಕ್ಯಾಮೆರಾ ಹಿಡಿಯುತ್ತಿದ್ದವನು ಅಣ್ಣ. ಊರವರನ್ನೆಲ್ಲ ತೆಗೆದವನು ತಾನು ಮಾತ್ರ ಯಾವ ಚಿತ್ರದಲ್ಲೂ ಇರಲಿಲ್ಲ. ಪ್ರದರ್ಶನವೊಂದಕ್ಕೆ ಅವನ ಮೂಗು, ಬಾಯಿಯ ಜಾಗದಲ್ಲಿ ತೋಳದ ಮೂತಿ ಕೂರಿಸುತ್ತೇನೆಂದು ತಂಗಿ ಕಾಡಿಬೇಡಿದಾಗ ಒಂದೇ ಒಂದು ಸಲ ಕುಳಿತ.

"ನನ್ನ ಮೂತಿಗೆ ಇನ್ನೊಂದು ತೋಳ ಯಾಕೆ ಬೇಕೇ? ಇದ್ದ ಹಾಗೇ ಹಾಕು, ಜನ ಹೆದರ್ತಾರೆ" ಎಂದು ಎಲ್ಲರನ್ನೂ ನಗಿಸಿದ್ದ.

ಹೋದ ಸೋಮವಾರ ಫೋಟೋ ಕಾಗದ ತರಲು ಹೋದವನು ಹಿಂತಿರುಗಲಿಲ್ಲ. ಅವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಮನೆಯ ಫ್ರಿಜ್ಜಿನಲ್ಲೇ ಉಳಿದಿದೆ. ಪೊಲೀಸರು ಫೋಟೋ ಕೇಳಿದರು. ಹಳೆಯ ಗುರುತಿನ ಚೀಟಿಯಲ್ಲಿದ್ದವನು ಮೀಸೆ ಮೂಡದ ಹುಡುಗ. ಕಾಣೆಯಾದವನು ನರೆತ ಮೀಸೆಯ ಗಂಡಸು.

ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವವರ ಕಸುಬಿನಲ್ಲಿ ಮುಖ ಒಂದು ಪದರ, ಮೂತಿ ಒಂದು ಪದರ, ನೆರಳು ಇನ್ನೊಂದು. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಕೂಡಿಸಿ ಒಂದೇ ಮಾಡುತ್ತಾರೆ. ಹಾಗೆ ಕೂಡಿಸಿದ್ದನ್ನು ಅವಳು ಬೇರೆ ಹೆಸರಿನಲ್ಲಿಡದೆ ಮೂಲ ಚಿತ್ರದ ಮೇಲೆಯೇ ಉಳಿಸಿಬಿಟ್ಟಿದ್ದಳು. ಕ್ಯಾಮೆರಾದ ಕಾರ್ಡನ್ನು ಅಣ್ಣನೇ ಎಂದೋ ಖಾಲಿ ಮಾಡಿದ್ದ. ತೋಳವನ್ನು ಕೆರೆದು ತೆಗೆದರೆ ಅದರಡಿ ಏನೂ ಇಲ್ಲ.

ಒಡಹುಟ್ಟಿದವಳಲ್ಲವೇ ಎಂದು ತನ್ನದೇ ಬಾಯಿ, ಗಲ್ಲ ಕೂರಿಸಿ ಮೀಸೆ ಬರೆದಳು. ತಾಯಿ ಪರದೆಯತ್ತ ಬಗ್ಗಿ ನೋಡಿದರು.

"ಇದು ನೀನೇ ಕಣೇ, ಮೀಸೆ ಇಟ್ಕೊಂಡಿದ್ದೀಯ. ಅವನ ಬಾಯಿ ಹೀಗಲ್ಲ."

"ಮತ್ತೆ ಹೇಗಿತ್ತಮ್ಮ? ತುಟಿ ದಪ್ಪಾನಾ, ತೆಳ್ಳಗಾ? ಹೇಳು, ಬರೀತೀನಿ!"

"ಇತ್ತು ಅನ್ಬೇಡ."

ಹೆತ್ತ ತಾಯಿ ಕಣ್ಣು ಮುಚ್ಚಿ ನೆನೆಯಲು ನೋಡಿದರು. ಮಗನ ಬಾಯಿ ಹೇಗಿದೆಯೆಂದು ಹೇಳಲು ಅವರಿಂದಲೂ ಆಗಲಿಲ್ಲ.

ಮೂತಿಯನ್ನು ಕತ್ತರಿಸಿ ತೆಗೆದು ಉಳಿದ ಚಿತ್ರ ಕೊಟ್ಟಾಗ ಪೊಲೀಸಿನವನು, "ಬರೀ ಕಣ್ಣು, ಹಣೆ ನೋಡಿ ಯಾರನ್ನಂತ ಹುಡುಕೋದಮ್ಮ?" ಎಂದ. ಬೇರೆ ದಾರಿ ಕಾಣದೆ ಅವಳು ತೋಳದ ಚಿತ್ರವನ್ನೇ ಹಿಡಿದು ಬಸ್ ನಿಲ್ದಾಣಕ್ಕೆ ಹೋದಳು. ಇಂದು ನಾನೂ ಜೊತೆಗಿದ್ದೆ.

"ಕಾಡಿಗೆ ಹೋಗಿ ಕೇಳಮ್ಮ, ಅಲ್ಲಿ ನೆಂಟರು ಸಿಕ್ಕಾರು!" ಎಂದು ಸಾಲಿನಲ್ಲಿದ್ದ ಒಬ್ಬ ಕೂಗಿದ. ನಾಚಿಕೆಗೆಟ್ಟ ಸಾಲು ಪೂರ್ತಿ ನಕ್ಕಿತು.

ಅವಳು ಚಿತ್ರವನ್ನು ಎದೆಗೊತ್ತಿಕೊಂಡು, ಅಂಗೈಯಿಂದ ತೋಳದ ಮೂತಿಯನ್ನು ಮುಚ್ಚಿದಳು.

"ಇಲ್ಲಿಂದ ಮೇಲೆ ನೋಡಿ, ಸ್ವಾಮಿ. ಮೇಲಿರೋದೆಲ್ಲ ನಮ್ಮಣ್ಣನೇ."