ಕಿಟಕಿ ಪಕ್ಕದ ಗೋಡೆ

“ಚಂದ ಉಂಟು ಮಗಳೇ. ಆದ್ರೆ ಇದ್ರಲ್ಲಿ ನಾನು ಕೂತ್ಕೊಳ್ಳುದು ಎಲ್ಲಿ?”

ನಾನು ಬರೆದ ನಕ್ಷೆಯನ್ನು ಕೈಯಲ್ಲಿ ಹಿಡಿದು ನೆರೆಮನೆಯ ಐಸಮ್ಮ ಹೀಗೆ ಕೇಳಿದರು. ಅರುವತ್ತರ ದಶಕದ ಮಾತಿದು. ಮಂಗಳೂರಿನಲ್ಲಿ ಗೃಹಾಲಂಕಾರ ಕಲಿಯುತ್ತಿದ್ದ ನಾನು ರಜೆಗೆಂದು ನಮ್ಮೂರು ಈಶ್ವರಮಂಗಲಕ್ಕೆ ಬಂದಿದ್ದೆ. ಯಾರದಾದರೂ ಮನೆಯ ಒಂದು ಕೋಣೆಯನ್ನು ಹೊಸದಾಗಿ ಜೋಡಿಸಿ ನಕ್ಷೆ ಬರೆದು ತರಬೇಕೆಂದು ಟೀಚರು ಹೇಳಿದ್ದರು. ಐಸಮ್ಮನ ಮನೆಯ ಚಾವಡಿಯನ್ನೇ ಆರಿಸಿಕೊಂಡೆ. ನನ್ನ ನಕ್ಷೆಯಲ್ಲಿ ಅಲ್ಲಿದ್ದ ಒಂದೇ ಕಿಟಕಿಗೆ ಹೂವಿನ ಪರದೆ, ಪಕ್ಕದಲ್ಲಿ ಎರಡು ಬೆತ್ತದ ಕುರ್ಚಿ, ನಡುವೆ ಹೂದಾನಿ. ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ.

ಐಸಮ್ಮ ನನ್ನನ್ನು ಕಿಟಕಿಯ ಪಕ್ಕ ಚಾಪೆಯಲ್ಲಿ ಕೂರಿಸಿ, ಬೀಡಿ ಎಲೆ, ಹೊಗೆಸೊಪ್ಪು ತುಂಬಿದ ಗೆರಸೆಯನ್ನು ಮಡಿಲಲ್ಲಿಟ್ಟರು. “ಈಗ ಒಂದು ಬೀಡಿ ಕಟ್ಟು, ನೋಡುವ.”

ಬೆಳಕು ನೇರವಾಗಿ ನನ್ನ ಬೆರಳುಗಳ ಮೇಲೆ ಬೀಳುತ್ತಿತ್ತು. ಮನೆಯಲ್ಲಿ ಬೇರೆಲ್ಲೂ ಅಷ್ಟು ಬೆಳಕಿರಲಿಲ್ಲ. ವರ್ಷಗಟ್ಟಲೆ ಅವರು ಅಲ್ಲೇ ಒರಗಿ ಬೀಡಿ ಕಟ್ಟಿದ್ದರಿಂದ ಗೋಡೆಯಲ್ಲಿ ಬೆನ್ನಿನ ಗುರುತು ಮೂಡಿತ್ತು. ಅದನ್ನು ಕೊಳೆಯೆಂದುಕೊಂಡು, ಸುಣ್ಣ ಬಳಿಸಬೇಕೆಂದು ನಕ್ಷೆಯ ಅಂಚಿನಲ್ಲಿ ಬರೆದಿದ್ದೆ! ನಾನು ಕಟ್ಟಿದ ಬೀಡಿ ಅಲ್ಲೇ ಬಿಚ್ಚಿಕೊಂಡಿತು. ಐಸಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನಾನೂ ನಕ್ಕೆ.

ಪರದೆ, ಕುರ್ಚಿ, ಹೂದಾನಿ ಎಲ್ಲ ಅಳಿಸಿ, ಅಲ್ಲೊಂದು ಚಾಪೆ ಬರೆದು ಕೊಂಡುಹೋದೆ. ಟೀಚರು ಕೊಟ್ಟ ಅಂಕ ಈಗ ನೆನಪಿಲ್ಲ. ಆದರೆ ಇಂದಿಗೂ ಯಾವ ಮನೆಯ ಗೋಡೆಗೆ ಸುಣ್ಣ ಬಳಿಸುವುದಿದ್ದರೂ, ಅಲ್ಲಿ ಒರಗಿ ಕೂರುವವರು ಯಾರೆಂದು ಮೊದಲು ಕೇಳುತ್ತೇನೆ.