ಮಾತ್ರೆ ಗಾಡಿಯ ದೊಡ್ಡ ನರ್ಸಮ್ಮ
ನನ್ನ ಗಂಡ ಮಲಗಿದ್ದ ವಾರ್ಡಿನ ದೊಡ್ಡ ನರ್ಸಮ್ಮನ ಮುಂದೆ ದೊಡ್ಡ ಡಾಕ್ಟರೂ ಬೆಕ್ಕಿನ ಮರಿ. ಬೆಳಗ್ಗೆ ಅವರು ಕಲಿಯುವ ಡಾಕ್ಟರುಗಳ ಹಿಂಡು ಕಟ್ಟಿಕೊಂಡು ಬಂದರೆ, ಈಕೆ ಮಾತ್ರೆ ಗಾಡಿಯನ್ನು ದಾರಿಗೆ ಅಡ್ಡ ನಿಲ್ಲಿಸುತ್ತಿದ್ದಳು. "ಎಲ್ರೂ ಹೇಳೋದು ಮುಗೀಲಿ ಸಾರ್, ಆಮೇಲೆ ಹೋಗೋರಂತೆ." ಔಷಧಿ ಕೊಡುವವನು, ರೋಗಿಗಳ ಕೈಕಾಲು ಆಡಿಸಿ ವ್ಯಾಯಾಮ ಮಾಡಿಸುವವಳು, ನೆಲ ಒರೆಸುವ ಅಕ್ಕ, ಎಲ್ಲರೂ ಬಾಯಿ ಬಿಡಲೇಬೇಕು. "ಈ ಯಜಮಾನ್ರು ಮಾತ್ರೆನೆಲ್ಲ ಮಂಚದ ಕೆಳಗೆ ಉಗೀತಾರೆ" ಎಂದು ಒರೆಸುವ ಅಕ್ಕ ನನ್ನ ಗಂಡನ ಗುಟ್ಟು ಒಡೆದಾಗ, ಜ್ವರ ಏಕೆ ಇಳಿಯುತ್ತಿಲ್ಲವೆಂದು ತಲೆ ಕೆಡಿಸಿಕೊಂಡಿದ್ದ ಡಾಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. "ಬರ್ಕೊಳ್ರಪ್ಪ" ಎಂದಳು ನರ್ಸಮ್ಮ, ಕಲಿಯುವವರಿಗೆ. ಕಾಯಿಲೆ ಕೈಮೀರಿ, ನನ್ನ ಗಂಡ ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದ ದಿನವೂ ಗಾಡಿ ಅಡ್ಡ ನಿಂತಿತು. ಎಲ್ಲರ ಮಾತೂ ಮುಗಿಯಿತು. "ಈಯಮ್ಮನ್ನ ಯಾರೂ ಕೇಳ್ಲಿಲ್ವಲ್ಲ" ಎಂದಳು ನರ್ಸಮ್ಮ, ನನ್ನ ಕಡೆ ತೋರಿಸಿ. "ಇವ್ರ ಕೈ ಹಿಡ್ಕೋಬೇಕು, ಕೈಗೆ ಚುಚ್ಚಿರೋ ಆ ಸೂಜಿ ತೆಗೀರಿ" ಎಂದೆ. ದೊಡ್ಡ ಡಾಕ್ಟರೇ ಬಗ್ಗಿ ತೆಗೆದರು. ಆಮೇಲೆ ಗಾಡಿ ಸರಿಯಿತು.